ಪ್ರೌಢಶಾಲೆಗಳಲ್ಲಿ ಗ್ರಂಥವಾಚನ

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಪ್ರೌಢಶಾಲೆಯ ಮಕ್ಕಳಲ್ಲಿ ವಾಚನಾಭಿರುಚಿಯನ್ನು ಬೆಳೆಸುವ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಅಮರಕೋಶವನ್ನೂ ಶಬ್ದಮಣಿದರ್ಪಣವನ್ನೂ ಬಾಯಿಪಾಠ ಮಾಡಿ ಬೆಳೆದ ಪಾಠಶಾಲೆಯವನಿಗೆ ಇಂದಿನ ಪ್ರೌಢಶಾಲೆಯ ಗೊಡವೆಯೇಕೆಂದು ಕೆಲವರು ಕೇಳಬಹುದು. ಶ್ರೀಮಠದ ಪ್ರಸಾದನಿಲಯದಲ್ಲಿರುವ ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಹುಡುಗರಿಗೆ ಸಾಯಂಕಾಲ ಕನ್ನಡ ಪಾಠ ಹೇಳುವ ಕೈಂಕರ್ಯವು ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿರುವುದರಿಂದ, ಕಂಡುದನ್ನು ಕಂಡಂತೆ ಅರಿಕೆ ಮಾಡಿಕೊಳ್ಳುತ್ತೇನೆ.

ಓದು ಎಂಬ ಒಂದೇ ಮಾತಿನಿಂದ ನಾವು ಎರಡು ಬೇರೆ ಬೇರೆ ಕಾರ್ಯಗಳನ್ನು ಸೂಚಿಸುತ್ತಿದ್ದೇವೆ. ನಮ್ಮ ಹುಡುಗನು ಚೆನ್ನಾಗಿ ಓದುತ್ತಾನೆಂದು ತಂದೆಯು ಹೇಳಿದರೆ, ಅವನು ಪರೀಕ್ಷೆಯಲ್ಲಿ ಹೆಚ್ಚು ಅಂಕಗಳನ್ನು ಪಡೆಯುತ್ತಾನೆಂದೇ ಅರ್ಥ. ಗ್ರಂಥವೊಂದನ್ನು ತಾನಾಗಿ ಕೈಗೆತ್ತಿಕೊಂಡು, ಅದರ ರಸವನ್ನು ಸವಿಯುತ್ತ ಮೊದಲಿನಿಂದ ಕೊನೆಯವರೆಗೆ ಓದುತ್ತಾನೆಂಬ ಅರ್ಥವು ಆ ಮಾತಿನಿಂದ ಜಾರಿಹೋಗಿದೆ. ಪಠ್ಯಪುಸ್ತಕ, ಪ್ರಶ್ನೋತ್ತರಗಳ ಗೈಡು, ಹಿಂದಿನ ವರ್ಷಗಳ ಪ್ರಶ್ನಪತ್ರಿಕೆಗಳು, ಇವಿಷ್ಟರಿಂದಲೇ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ದಾಟಬಹುದಾದುದರಿಂದ, ಹತ್ತು ವರ್ಷ ಶಾಲೆಗೆ ಹೋದವನು ಒಂದೇ ಒಂದು ಪುಸ್ತಕವನ್ನಾದರೂ ಪೂರ್ತಿಯಾಗಿ ಓದದೆ ಹೊರಬರುವುದು ಸಾಧ್ಯವಾಗಿದೆ. ಇದಕ್ಕಾಗಿ ಮಕ್ಕಳನ್ನು ಬೈದು ಫಲವಿಲ್ಲ. ನಾವು ಕೇಳಿದುದನ್ನೇ ಅವರು ಕೊಡುತ್ತಿದ್ದಾರೆ.

ನಿಲಯದಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನಿದ್ದನು. ಪುಸ್ತಕವನ್ನು ತೆರೆದಿಟ್ಟುಕೊಂಡು ಪಾಠವನ್ನು ತಡವರಿಸದೆ ಒಪ್ಪಿಸುತ್ತಿದ್ದನು. ಒಂದು ದಿನ ನಾನು ಹಾಳೆಯನ್ನು ತಿರುವಿ, ಇನ್ನೂ ಪಾಠವಾಗದ ಪುಟವನ್ನು ಮುಂದಿಟ್ಟೆನು. ಹುಡುಗನು ಮೌನವಾದನು. ಅವನು ಅಷ್ಟು ದಿನವೂ ಹೇಳುತ್ತಿದ್ದುದು ಕಿವಿಯಿಂದ ಕಲಿತುದನ್ನು. ಒತ್ತಕ್ಷರಗಳು ಬಂದೆಡೆಯಲ್ಲೆಲ್ಲ ಕಣ್ಣು ನಿಲ್ಲುತ್ತಿದ್ದಿತು. ಬುದ್ಧಿಯಲ್ಲಿ ಅವನು ಯಾರಿಗೂ ಕಡಿಮೆಯಾಗಿರಲಿಲ್ಲ; ನಾಚಿಕೆಯನ್ನು ಮುಚ್ಚಿಕೊಳ್ಳುವುದರಲ್ಲಿಯೇ ಆ ಬುದ್ಧಿಯೆಲ್ಲವೂ ವ್ಯಯವಾಗುತ್ತಿದ್ದಿತು. ಇಂತಹ ಮಕ್ಕಳು ನಮ್ಮ ಪ್ರೌಢಶಾಲೆಗಳಲ್ಲಿ ಇರುವರು. ಓದಬಲ್ಲವನಾದರೂ ಓದಲೊಲ್ಲದವನ ಸಮಸ್ಯೆಯೇ ಬೇರೆ. ಓದಲಾರದವನ ಸಮಸ್ಯೆಯೇ ಬೇರೆ. ಇಬ್ಬರಿಗೂ ಒಂದೇ ಉಪದೇಶವನ್ನು ಮಾಡುವುದು, ಜ್ವರಕ್ಕೂ ಮೂಳೆಮುರಿತಕ್ಕೂ ಒಂದೇ ಕಷಾಯವನ್ನು ಕುಡಿಸಿದಂತೆ.

ಆದರೆ ಇಬ್ಬರಿಗೂ ಸಲ್ಲುವ ಮಾರ್ಗವೊಂದು ನಮ್ಮ ನಾಡಿನಲ್ಲಿಯೇ ಇದೆ. ಮಠಮಂದಿರಗಳಲ್ಲಿ ಶ್ರಾವಣಮಾಸದಲ್ಲಿ ಪುರಾಣ ಹಚ್ಚುವ ಪದ್ಧತಿಯನ್ನು ತಾವೆಲ್ಲರೂ ಬಲ್ಲಿರಿ. ಚಾಮರಸನ ಪ್ರಭುಲಿಂಗಲೀಲೆಯನ್ನಾಗಲಿ ಕುಮಾರವ್ಯಾಸನ ಭಾರತವನ್ನಾಗಲಿ ಒಬ್ಬರು ರಾಗವಾಗಿ ಓದುವರು. ಮತ್ತೊಬ್ಬರು ಅರ್ಥ ಹೇಳುವರು. ಅಕ್ಷರಜ್ಞಾನವಿಲ್ಲದ ಮುದುಕಿಯೂ ನಾಳೆಯ ಕಥೆಗಾಗಿ ಕಾದಿರುವಳು. ಮೊದಲು ಕಿವಿಗೆ ರುಚಿ, ಆಮೇಲೆ ಕಣ್ಣಿಗೆ ಹಸಿವು. ಈ ಕ್ರಮವನ್ನೇ ಪ್ರೌಢಶಾಲೆಯೊಳಕ್ಕೆ ತರಬೇಕು. ದೊಡ್ಡ ಮಕ್ಕಳಿಗೆ ಕಥೆ ಓದಿ ಹೇಳುವುದು ಶಿಶುವಿಹಾರದ ಕೆಲಸವೆಂಬ ಭಾವನೆ ತಪ್ಪು. ಉಪಾಧ್ಯಾಯರು ದಿನಕ್ಕೆ ಹತ್ತು ನಿಮಿಷ ಒಳ್ಳೆಯ ಗದ್ಯವನ್ನು ಗಟ್ಟಿಯಾಗಿ ಓದಿ, ಕಥೆಯು ಬಿಗಿಯಾದೆಡೆಯಲ್ಲಿ ನಿಲ್ಲಿಸಿ, ಆ ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟುಹೋಗಲಿ. ಪಂಜೆ ಮಂಗೇಶರಾಯರ ಕಥೆಗಳು, 1980 ರಲ್ಲಿ ಪ್ರಕಟವಾದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ', ಇಂತಹವನ್ನು ಅರ್ಧ ಕೇಳಿದ ಹುಡುಗನು ಉಳಿದರ್ಧವನ್ನು ತಾನೇ ಹುಡುಕುವನು.

ಹುಡುಕಿದಾಗ ಪುಸ್ತಕವು ಕೈಗೆ ಸಿಕ್ಕಬೇಕಷ್ಟೆ. ಇಲ್ಲಿಯೇ ದೊಡ್ಡ ತೊಡಕಿರುವುದು. 2009 ರ ಶಿಕ್ಷಣ ಹಕ್ಕಿನ ಕಾಯಿದೆಯು, ತನ್ನ ವ್ಯಾಪ್ತಿಗೆ ಬರುವ ಪ್ರತಿಯೊಂದು ಶಾಲೆಯಲ್ಲಿಯೂ ವೃತ್ತಪತ್ರಿಕೆಗಳನ್ನೂ ಕಥೆಪುಸ್ತಕಗಳನ್ನೂ ಒಳಗೊಂಡ ಗ್ರಂಥಾಲಯವಿರಬೇಕೆಂದು ವಿಧಿಸಿದೆ. ಅದು ಎಂಟನೆಯ ತರಗತಿಯವರೆಗೆ ಅನ್ವಯಿಸುವುದು. ಮುಂದಿನ ತರಗತಿಗಳಿಗೂ ಅನೇಕ ಕಡೆಗಳಲ್ಲಿ ಪುಸ್ತಕಗಳುಂಟು. ಆದರೆ ಅವು ಕಬ್ಬಿಣದ ಬೀರುವಿನಲ್ಲಿ ಬೀಗಮುದ್ರೆಯೊಳಗೆ ಇರುವುವು. ಉಪಾಧ್ಯಾಯರನ್ನು ನಾನು ದೂರಲಾರೆ. ಕಳೆದುಹೋದ ಪುಸ್ತಕಕ್ಕೆ ದಾಸ್ತಾನು ವಹಿಯಲ್ಲಿ ಉತ್ತರ ಹೇಳಬೇಕಾದವರು ಅವರೇ. ಓದದೆ ಉಳಿದ ಪುಸ್ತಕಕ್ಕೆ ಉತ್ತರ ಹೇಳೆಂದು ಅವರನ್ನು ಯಾರೂ ಕೇಳುವುದಿಲ್ಲ. ಹೀಗಿರುವಾಗ ಬೀಗ ಹಾಕುವುದೇ ವಿವೇಕವೆಂದು ಅವರಿಗೆ ತೋರಿದರೆ ಆಶ್ಚರ್ಯವಿಲ್ಲ.

ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿದ್ದು, ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಶಿಯಾಳಿ ರಂಗನಾಥನ್ ಅವರು, 1931 ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ ಗ್ರಂಥದ ಉಪಯೋಗಕ್ಕೇ ಮೊದಲ ಸ್ಥಾನವನ್ನಿತ್ತರು. ಆದುದರಿಂದ ಶಾಲೆಯ ಆಡಳಿತಮಂಡಲಿಯವರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ವರ್ಷಕ್ಕೆ ನೂರಕ್ಕೆ ಐದರಂತೆ ಪುಸ್ತಕಗಳು ಹರಿದು ಅಥವಾ ಕಳೆದುಹೋಗುವುದನ್ನು ಮೊದಲೇ ಒಪ್ಪಿಕೊಂಡು, ಆ ನಷ್ಟವನ್ನು ಮಂಡಲಿಯೇ ವಹಿಸತಕ್ಕದ್ದು. ತರಗತಿಗೊಂದು ಪೆಟ್ಟಿಗೆಯಲ್ಲಿ ನಲವತ್ತು ಪುಸ್ತಕಗಳನ್ನಿಟ್ಟು, ಕೊಟ್ಟು ತೆಗೆದುಕೊಳ್ಳುವ ಲೆಕ್ಕವನ್ನು ಮಕ್ಕಳ ಕೈಗೇ ಒಪ್ಪಿಸಬೇಕು. ನಂಬಿದ ಮಕ್ಕಳು ಕಾಪಾಡುವರು.

ಪುಸ್ತಕದಂತೆಯೇ ಕಾಲವನ್ನೂ ಕೊಡಬೇಕು. ಬಿಡುವಾದಾಗ ಓದಿರೆಂದರೆ ಆ ಬಿಡುವು ಎಂದಿಗೂ ಬರುವುದಿಲ್ಲ. ಬಂದರೂ ಅದನ್ನು ಮೊಬೈಲು ನುಂಗುವುದು. ಶಾಲೆಯ ವೇಳಾಪಟ್ಟಿಯಲ್ಲಿಯೇ ದಿನಕ್ಕೆ 20 ನಿಮಿಷಗಳನ್ನು ಸ್ವಂತ ಓದಿಗೆ ಮೀಸಲಿಡೋಣ. ವರ್ಷಕ್ಕೆ ಇನ್ನೂರು ದಿನಗಳೆಂದು ಹಿಡಿದರೂ 4,000 ನಿಮಿಷಗಳಾದುವು. ಪುಟಕ್ಕೆ ನಾಲ್ಕು ನಿಮಿಷ ಹಿಡಿಯುವ ನಿಧಾನದ ಹುಡುಗನೂ ವರ್ಷಕ್ಕೆ ಸಾವಿರ ಪುಟಗಳನ್ನು ಓದುವನು. ಮೂರು ವರ್ಷಗಳಲ್ಲಿ ಮೂರು ಸಾವಿರ. ಆ ವೇಳೆಯಲ್ಲಿ ಉಪಾಧ್ಯಾಯರು ಹಾಜರಿಯನ್ನು ಬರೆಯದೆ ತಾವೂ ಒಂದು ಪುಸ್ತಕವನ್ನು ಓದುತ್ತ ಕುಳಿತಿರಬೇಕು. ದೊಡ್ಡವರು ಓದುವುದನ್ನು ಕಾಣದ ಮಗುವು ಓದನ್ನು ಶಿಕ್ಷೆಯೆಂದೇ ತಿಳಿಯುವುದು. ಓದಿ ಮುಗಿಸಿದ ಪುಸ್ತಕದ ಮೇಲೆ ಪ್ರಶ್ನೆ, ಸಾರಾಂಶ, ಅಂಕಗಳನ್ನು ಹೇರಲಾಗದು. ಏನು ಹಿಡಿಸಿತೆಂದು ಕೇಳಿ, ಹೇಳಿದುದನ್ನು ಆಲಿಸಿದರೆ ಸಾಕು. ಹಿಡಿಸದಿದ್ದರೆ ಅರ್ಧದಲ್ಲಿ ಬಿಡುವ ಸ್ವಾತಂತ್ರ್ಯವೂ ಇರಲಿ.

ಇನ್ನು ಓದಲಾರದ ಮಕ್ಕಳು. ಹದಿನಾಲ್ಕು ವರ್ಷದವನ ಕೈಗೆ ಎಲ್ಲರೆದುರಿಗೆ ಶಿಶುಪುಸ್ತಕವನ್ನಿತ್ತರೆ ಅವಮಾನದಿಂದ ಕುಗ್ಗುವನು. ನಾನು ಮೊದಲು ಹೇಳಿದ ಹುಡುಗನಿಗೆ, ನಿಲಯದ ಅಡಿಗೆಯವರ ಎರಡನೆಯ ತರಗತಿಯ ಮಗಳಿಗೆ ದಿನವೂ ಒಂದು ಕಥೆಯನ್ನು ಓದಿ ಹೇಳುವ ಕೆಲಸವನ್ನು ಒಪ್ಪಿಸಿದೆವು. ಆ ಹುಡುಗಿಯ ಮುಂದೆ ತಡವರಿಸಬಾರದೆಂದು ಅವನು ಹಿಂದಿನ ರಾತ್ರಿಯೇ ಆ ಕಥೆಯನ್ನು ಮೂರು ನಾಲ್ಕು ಬಾರಿ ಓದಿಕೊಳ್ಳುತ್ತಿದ್ದನು. ಸುಲಭವಾದ ಪುಸ್ತಕವನ್ನು ಓದುವುದಕ್ಕೆ ಅವನಿಗೆ ಗೌರವದ ಕಾರಣವೊಂದು ದೊರೆತಂತಾಯಿತು. ಅವನು ಪಂಡಿತನಾಗಲಿಲ್ಲ, ಆದರೆ ವರ್ಷಾಂತ್ಯಕ್ಕೆ ಹೊಸ ಪುಟಕ್ಕೆ ಹೆದರುವುದನ್ನು ಬಿಟ್ಟನು. ಇದಕ್ಕೆ ತಗುಲಿದ ವೆಚ್ಚವಾದರೂ ಏನು?

ಪುಸ್ತಕವನ್ನು ಜನರ ಬಳಿಗೆ ಒಯ್ದವರ ಸಂತತಿಯವರು ನಾವು. ಶಾಲಾ ಮಾಸ್ತರರಾಗಿದ್ದ ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದುದು ಪ್ರಸಿದ್ಧವಾಗಿದೆ. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು (1880–1964) ತಾಳೆಗರಿಗಳಲ್ಲಿ ಅಡಗಿದ್ದ ವಚನಗಳನ್ನು ಸಂಗ್ರಹಿಸಿ, 1923 ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಮುಂದೆ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ನಡೆಸಿದರು. ಗಂಟಿನಲ್ಲಿ ಕಟ್ಟಿಟ್ಟ ಗರಿಗಳಿಗೂ ಬೀರುವಿನಲ್ಲಿ ಬೀಗ ಹಾಕಿದ ಪುಸ್ತಕಗಳಿಗೂ ಭೇದವೆಲ್ಲಿದೆ?

ಇಂದು ಅನುಕೂಲಗಳೂ ಉಂಟು. ನಮ್ಮ ರಾಜ್ಯದಲ್ಲಿ 2020 ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದ ಮೂಲಕ 6 ರಿಂದ 18 ವರ್ಷದೊಳಗಿನ ಮಕ್ಕಳನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಳ್ಳಲಾಯಿತು. ಶಾಲೆಯವರು ವಾರಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬಹುದು. ಮಠಗಳು ತಮ್ಮ ನಿಲಯಗಳಲ್ಲಿ ರಾತ್ರಿ ಒಂದು ಕೋಣೆಯನ್ನೂ ಒಂದು ದೀಪವನ್ನೂ ಓದುವವರಿಗಾಗಿ ಮೀಸಲಿಡಬಹುದು. ಅನ್ನದಾಸೋಹವನ್ನು ನಡೆಸುವವರಿಗೆ ಇದು ಭಾರವಲ್ಲ. ಪಂಕ್ತಿಯಲ್ಲಿ ಕುಳಿತವನನ್ನು ನಿನ್ನ ಯೋಗ್ಯತೆಯೇನೆಂದು ನಾವು ಕೇಳುವುದಿಲ್ಲ. ಪುಸ್ತಕ ಬೇಡಿ ಬಂದ ಮಗುವನ್ನೂ ಹಾಗೆ ಕೇಳದಿರೋಣ.

ಮಹೋತ್ಸವದ ಚಪ್ಪರವು ನಾಳೆ ಇಳಿಯುವುದು. ಅದಕ್ಕೆ ಮೊದಲು, ಇಲ್ಲಿ ನೆರೆದಿರುವ ಪ್ರತಿಯೊಂದು ಶಾಲೆಯವರೂ ಒಂದು ಬೀರುವಿನ ಬೀಗವನ್ನು ತೆಗೆಯುವ ಸಂಕಲ್ಪವನ್ನು ಮಾಡಲೆಂದು ಪ್ರಾರ್ಥಿಸುತ್ತೇನೆ.