ಪಕ್ಕದವರ ಕೂಲಿ, ನಮ್ಮ ನೆಮ್ಮದಿ
(ಮೇ 1, ಕಾರ್ಮಿಕ ಸಂತ ಜೋಸೆಫರ ಹಬ್ಬದ ಪ್ರಬೋಧನೆ)



1955ರಲ್ಲಿ ಪೋಪ್ ಹನ್ನೆರಡನೇ ಪಿಯುಸ್‌ರವರು ಸ್ಥಾಪಿಸಿದ ಈ ದುಡಿಮೆಯ ಹಬ್ಬದಂದು ದ್ರಾಕ್ಷಾತೋಟದ ಆಳುಗಳ ಸಾಮತಿಯನ್ನು ನೆನೆಯೋಣ. ಬೆಳಗಿನಿಂದ ದುಡಿದವರಿಗೆ ಒಪ್ಪಿದ ಕೂಲಿ ಪೂರ್ತಿ ಸಿಕ್ಕಿತು. ಆದರೂ ಅವರು ಗೊಣಗಿದರು. ಏಕೆ? ಸಂಜೆ ಬಂದವರ ಕೈಯಲ್ಲೂ ಅಷ್ಟೇ ಇತ್ತು!

ನಾವೂ ಹಾಗೆಯೇ ಅಲ್ಲವೇ? ಸಂಬಳ ಹೆಚ್ಚಿದಾಗ ಹಿಗ್ಗುತ್ತೇವೆ. ಪಕ್ಕದವರಿಗೆ ಇನ್ನೂ ಹೆಚ್ಚಾಯಿತೆಂದು ತಿಳಿದರೆ ಅಂದಿನ ಊಟವೇ ರುಚಿಸದು.

ಇದು ಬರೀ ಹೊಟ್ಟೆಕಿಚ್ಚಲ್ಲ. ಒಡಿಶಾದಲ್ಲಿ ಹಗ್ಗ, ಪೊರಕೆ ಮುಂತಾದವನ್ನು ತಯಾರಿಸುವ 378 ಕೆಲಸಗಾರರ ಬಗ್ಗೆ ಮೂವರು ಅರ್ಥಶಾಸ್ತ್ರಜ್ಞರು 2018ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಒಂದೇ ಗುಂಪಿನವರಿಗೆ ಕಾರಣ ಕಾಣದಂತೆ ಬೇರೆ ಬೇರೆ ಕೂಲಿ ಕೊಟ್ಟಲ್ಲಿ ದುಡಿಮೆ ಕುಗ್ಗಿತು, ಹಾಜರಾತಿ ಶೇಕಡಾ 18 ಅಂಶಗಳಷ್ಟು ಇಳಿಯಿತು, ಪರಸ್ಪರ ಸಹಕಾರವೂ ಸೊರಗಿತು. ಹೆಚ್ಚು ಪಡೆದವನು ಹೆಚ್ಚು ಮಾಡುತ್ತಾನೆಂದು ಕಣ್ಣಾರೆ ಕಂಡಲ್ಲಿ ಈ ಹಾನಿ ಕಾಣಲಿಲ್ಲ. ನೋಯಿಸಿದ್ದು ಕಾರಣವಿಲ್ಲದ ಭೇದ.

ತೋಟದ ಯಜಮಾನನೂ ಗೊಣಗಿದವನನ್ನು ಗದರಿ ಓಡಿಸಲಿಲ್ಲ. ಗೆಳೆಯನೆಂದು ಕರೆದು ಕಾರಣ ಹೇಳಿದ. ಮನೆಗೆಲಸದವರಿಗೆ, ತೋಟದ ಆಳುಗಳಿಗೆ ಕೂಲಿ ಕೊಡುವಾಗ ನಾವೂ ನ್ಯಾಯವಾಗಿ ಕೊಡೋಣ, ಕೇಳಿದರೆ ಕಾರಣ ಹೇಳೋಣ.

ಕೂಲಿ ಪಡೆಯುವಾಗ ಪಕ್ಕದವನ ಕೈಯ ಕಾಸನ್ನಷ್ಟೇ ನೋಡದಿರೋಣ. ಕರೆಯುವವರಿಲ್ಲದೆ ಸಂಜೆಯವರೆಗೆ ಪೇಟೆಯಲ್ಲಿ ನಿಂತ ಅವನ ಕಾಲುಗಳನ್ನೂ ನೋಡೋಣ. ಅವನ ಮನೆಯ ಒಲೆಯೂ ಉರಿಯಬೇಕು.

ನಜರೇತಿನ ಬಡಗಿ ಸಂತ ಜೋಸೆಫರು ನಮಗಾಗಿ ಪ್ರಾರ್ಥಿಸಲಿ. ಆಮೆನ್.