ಉಪ್ಪು ನೀರೂ ಪೈರಿನ ಪಾಡೂ

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ನಮ್ಮಲ್ಲಿ ಹಳೆಯ ಗಾದೆ. ಮನುಷ್ಯನ ಮಟ್ಟಿಗೆ ಅದು ನ್ಯಾಯದ ಮಾತು. ಪೈರಿನ ಪಾಡು ಬೇರೆ. ಅದು ಉಪ್ಪನ್ನು ಬೇಡಿ ತಿಂದದ್ದಲ್ಲ. ಕುಡಿಯಲೆಂದು ಕೊಟ್ಟ ನೀರಿನಲ್ಲಿಯೇ ಉಪ್ಪಿದ್ದರೆ ಬಾಯಾರಿಕೆಯನ್ನು ಅದು ಕಳೆದುಕೊಳ್ಳುವುದಾದರೂ ಹೇಗೆ? ಇಂಥ ಪೈರಿಗೆ ಸಸ್ಯ ಹಾರ್ಮೋನುಗಳಿಂದ ನೆರವು ದೊರೆತೀತೇ ಎಂಬುದು ನನ್ನ ಇಂದಿನ ವಿಷಯ.

ಮೊದಲು ಒಂದು ಸಣ್ಣ ಲೆಕ್ಕ. ಲೀಟರಿಗೆ ಒಂದು ಗ್ರಾಂ ಉಪ್ಪಿರುವ ಬಾವಿಯ ನೀರನ್ನು ಒಂದು ಎಕರೆಗೆ ಹತ್ತು ಸೆಂಟಿಮೀಟರ್ ನಿಲ್ಲುವಂತೆ ಹಾಯಿಸಿದರೆ ಸುಮಾರು 4 ಲಕ್ಷ ಲೀಟರ್ ನೀರು ಬೇಕು. ನೀರು ಆವಿಯಾಗಿ ಹೋಗುತ್ತದೆ. 4 ಕ್ವಿಂಟಲ್ ಉಪ್ಪು ಹೊಲದಲ್ಲಿ ಉಳಿಯುತ್ತದೆ. ಇದು ಒಂದೇ ಬಾರಿಯ ನೀರಾವರಿಯ ಫಲ. ದಕ್ಷಿಣ ಮೆಸೊಪೊಟೇಮಿಯಾದಲ್ಲಿ ಮೊದಲು ಗೋಧಿಯೂ ಜವೆಗೋಧಿಯೂ ಸರಿಸಮವಾಗಿ ಬೆಳೆಯುತ್ತಿದ್ದು, ಕ್ರಮೇಣ ಗೋಧಿ ಕಣ್ಮರೆಯಾಗಿ ಜವೆಗೋಧಿಯೊಂದೇ ಉಳಿಯಿತೆಂದೂ, ಅದಕ್ಕೆ ನೆಲಕ್ಕೇರಿದ ಉಪ್ಪೇ ಕಾರಣವೆಂದೂ 1958ರಲ್ಲಿ ಜೇಕಬ್‌ಸನ್ ಮತ್ತು ಆಡಮ್ಸ್ ಎಂಬ ವಿದ್ವಾಂಸರು ವಾದಿಸಿದರು. ಇದನ್ನು ಒಪ್ಪದವರೂ ಇದ್ದಾರೆ. ಆದರೆ ಜವೆಗೋಧಿಗೆ ಗೋಧಿಗಿಂತ ಹೆಚ್ಚು ಉಪ್ಪನ್ನು ತಾಳುವ ಗುಣವಿರುವುದು ಇಂದಿನ ಅಳತೆಗಳಿಂದಲೂ ಸಿದ್ಧವಾಗಿದೆ. ಭತ್ತ ಅವೆರಡಕ್ಕಿಂತಲೂ ಸುಕುಮಾರ. ಹುರುಳಿಕಾಯಿಯಂತೂ ಉಪ್ಪಿನ ಸುಳಿವು ಸಿಕ್ಕೊಡನೆ ಬಾಡುತ್ತದೆ.

ಉಪ್ಪು ಪೈರಿಗೆ ಎರಡು ಬಗೆಯಲ್ಲಿ ಕೇಡು ಮಾಡುತ್ತದೆ. ಬೇರಿನ ಸುತ್ತಣ ನೀರು ಉಪ್ಪಾದಷ್ಟೂ ಆ ನೀರನ್ನು ಒಳಗೆಳೆದುಕೊಳ್ಳುವುದು ಕಷ್ಟ. ಒದ್ದೆ ನೆಲದಲ್ಲಿ ನಿಂತೂ ಗಿಡಕ್ಕೆ ಬರಗಾಲ. ಇದು ಮೊದಲ ಹೊಡೆತ. ಆಮೇಲೆ ನಿಧಾನವಾಗಿ ಸೋಡಿಯಂ ಒಳನುಗ್ಗಿ, ಪೊಟಾಸಿಯಂ ಇರಬೇಕಾದ ಜಾಗದಲ್ಲಿ ತಾನು ಕುಳಿತುಕೊಳ್ಳುತ್ತದೆ. ಹಳೆಯ ಎಲೆಗಳ ಅಂಚು ಸುಟ್ಟಂತಾಗುವುದು ಆಗಲೇ.

ಈ ಸಂಕಟದ ಸುದ್ದಿ ಗಿಡದ ಅಂಗಾಂಗಗಳಿಗೆ ಮುಟ್ಟುವುದು ಹಾರ್ಮೋನುಗಳಿಂದ. ಆಬ್ಸಿಸಿಕ್ ಆಮ್ಲವೆಂಬುದು ಹೆಚ್ಚಾಗಿ ಎಲೆಯ ರಂಧ್ರಗಳನ್ನು ಮುಚ್ಚಿಸುತ್ತದೆ: ನೀರು ಉಳಿಯಲಿ, ಬೆಳವಣಿಗೆ ಆಮೇಲೆ ನೋಡೋಣ ಎಂಬ ಧೋರಣೆ. ಬೆಳವಣಿಗೆಗೆ ಬೇಕಾದ ಜಿಬ್ಬರೆಲಿನ್, ಸೈಟೊಕೈನಿನ್‌ಗಳು ಆ ವೇಳೆಯಲ್ಲಿ ಸಾಮಾನ್ಯವಾಗಿ ತಗ್ಗುತ್ತವೆ. ಹಾಗಾದರೆ ತಗ್ಗಿದ್ದನ್ನು ನಾವೇ ಹೊರಗಿನಿಂದ ಒದಗಿಸಬಾರದೇಕೆ? ವಿಜ್ಞಾನಿಗಳ ಎಣಿಕೆ ಇದು.

ಜಿಬ್ಬರೆಲಿನ್ನಿನ ಕಥೆ ಸ್ವಾರಸ್ಯವಾದದ್ದು. ಜಪಾನಿನ ಭತ್ತದ ಗದ್ದೆಗಳಲ್ಲಿ ಕೆಲವು ಸಸಿಗಳು ಉಳಿದವಕ್ಕಿಂತ ಎತ್ತರಕ್ಕೆ ಸೊರಗಿ ಬೆಳೆದು, ತೆನೆ ಕಟ್ಟದೆ ಬೀಳುತ್ತಿದ್ದವು. ಅಲ್ಲಿನ ರೈತರು ಇದನ್ನು ‘ಬಕಾನೆ’, ಎಂದರೆ ಪೆದ್ದು ಸಸಿ ಎಂದು ಕರೆದರು. ಒಂದು ಶಿಲೀಂಧ್ರ ಸ್ರವಿಸುವ ವಸ್ತುವೇ ಇದಕ್ಕೆ ಕಾರಣವೆಂದು 1926ರಲ್ಲಿ ಕುರೊಸಾವಾ ತೋರಿಸಿದರು. ರೋಗದ ಗದ್ದೆಯಿಂದ ಬಂದ ಆ ವಸ್ತು ಈಗ ಔಷಧದ ಸೀಸೆಯಲ್ಲಿದೆ. ಮೊಳೆಯುವ ಕಾಳಿನಲ್ಲಿ ಹಿಟ್ಟನ್ನು ಸಕ್ಕರೆಯಾಗಿಸುವ ಕೆಲಸಕ್ಕೆ ಚಾಲನೆ ಕೊಡುವುದು ಇದೇ. ಉಪ್ಪು ನೀರಿನಲ್ಲಿ ಈ ಕೆಲಸ ಕುಂಟುವುದರಿಂದ, ಬಿತ್ತುವ ಮುನ್ನ ಬೀಜವನ್ನು ಜಿಬ್ಬರೆಲಿಕ್ ಆಮ್ಲದ ಬಹು ತೆಳುವಾದ ದ್ರಾವಣದಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಬಿತ್ತುವ ಪ್ರಯೋಗಗಳು ನಡೆದಿವೆ. ಗೋಧಿಯಲ್ಲಿ ಮೊಳಕೆಯೂ ಬೆಳವಣಿಗೆಯೂ ಸುಧಾರಿಸಿದ ವರದಿಗಳುಂಟು. ಪ್ರಮಾಣ ಮೀರಿದರೆ ಮಾತ್ರ ಪೈರು ಮತ್ತೆ ಪೆದ್ದು ಸಸಿಯೇ! ಸ್ಯಾಲಿಸಿಲಿಕ್ ಆಮ್ಲವನ್ನೂ, 1979ರಲ್ಲಿ ಸಾಸಿವೆಯ ಬಳಗದ ರೇಪ್ ಗಿಡದ ಪರಾಗದಿಂದ ಬೇರ್ಪಡಿಸಿದ ಬ್ರಾಸಿನೊಲೈಡನ್ನೂ ಹೀಗೆಯೇ ಪರೀಕ್ಷಿಸಿದ್ದಾರೆ.

ಇಷ್ಟು ಕೇಳಿದವರಿಗೆ ಉಪ್ಪಿನ ಸಮಸ್ಯೆ ಬಗೆಹರಿಯಿತೆಂದು ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ತುಂಗಭದ್ರೆಯ ಕಾಲುವೆಗಳ ನೀರು 1953ರಿಂದ ಹರಿಯತೊಡಗಿತು. ಕಡಿಮೆ ನೀರು ಬೇಡುವ ಬೆಳೆಗಳಿಗೆಂದು ಯೋಜಿಸಿದ ಎರೆಭೂಮಿಯಲ್ಲಿ ಭತ್ತ ಹಬ್ಬಿತು. ಬಸಿದು ಹೋಗಲು ದಾರಿಯಿಲ್ಲದ ನೀರು ಮೇಲೇರಿ ತಳದ ಉಪ್ಪನ್ನೂ ತಂದಿತು. ಅದನ್ನು ಆ ಕಡೆಯವರು ‘ಸವಳು-ಜವಳು’ ಎಂಬ ಜೋಡಿ ಮಾತಿನಿಂದ ಕರೆಯುತ್ತಾರೆ. ಸಿಂಧನೂರಿನ ಕಡೆ ಹಿರಿಯ ರೈತರೊಬ್ಬರು ಇಂಥ ಸೀಸೆಯೊಂದನ್ನು ಹಿಡಿದು ನನ್ನನ್ನು ಕೇಳಿದ್ದರು: “ಇದನ್ನ ಹೊಡದ್ರ ಹೊಲದಾಗಿನ ಸವಳು ಹೋಗ್ತದೇನ್ರಿ?” ಸವಳು ಹೋಗುವುದಿಲ್ಲ, ಪೈರು ಸ್ವಲ್ಪ ತಾಳಿಕೊಂಡೀತು ಎಂದೆ. “ಹಂಗಂದ್ರ ಗಿಡಕ್ಕ ಧೈರ್ಯ ಹೇಳೂ ಔಷಧ ಅನ್ರಿ” ಎಂದರು. ಯಾವ ಪಠ್ಯಪುಸ್ತಕದಲ್ಲಿಯೂ ಇಷ್ಟು ಖಚಿತವಾದ ವ್ಯಾಖ್ಯೆಯನ್ನು ನಾನು ಓದಿಲ್ಲ.

ಹಾರ್ಮೋನು ಒಂದು ಗುಂಜಿ ಉಪ್ಪನ್ನೂ ಹೊಲದಿಂದ ಹೊರಗೆ ಹಾಕದು. ಅದಕ್ಕೆ ಬಸಿಗಾಲುವೆ ಬೇಕು, ಉಪ್ಪನ್ನು ತೊಳೆದು ಕೆಳಗಿಳಿಸುವಷ್ಟು ಸಿಹಿನೀರು ಬೇಕು, ತಾಳಿಕೆಯುಳ್ಳ ತಳಿ ಬೇಕು. 1969ರಲ್ಲಿ ಆರಂಭವಾದ ಕರ್ನಾಲಿನ ಕೇಂದ್ರೀಯ ಲವಣ ಮಣ್ಣು ಸಂಶೋಧನಾ ಸಂಸ್ಥೆಯಿಂದ ಇಂಥ ಭತ್ತ, ಗೋಧಿಯ ತಳಿಗಳು ಬಂದಿವೆ. ನಮ್ಮ ಗಂಗಾವತಿಯ ಕೇಂದ್ರದಲ್ಲಿಯೂ ಸವಳು ನೆಲದ ಮೇಲೆ ಸಂಶೋಧನೆ ನಡೆದಿದೆ. ಬಸಿಗಾಲುವೆಯಂತೂ ಒಬ್ಬರ ಹೊಲದಲ್ಲಿ ಮುಗಿಯುವ ಕೆಲಸವಲ್ಲ. ಕೆಳಗಿನ ಹೊಲದವನು ಒಪ್ಪಬೇಕು. ಸೀಸೆಯಾದರೋ ಯಾರನ್ನೂ ಕೇಳದೆ ಸಂಜೆಗೆ ಮನೆಗೆ ಬರುತ್ತದೆ.

ಆದರೂ ಪರೀಕ್ಷಿಸಿ ನೋಡುವವರಿಗೆ ಒಂದು ಸೂಚನೆಯುಂಟು. ಬರಿಯ ನೀರಿನಲ್ಲಿ ನೆನೆಸಿದ ಬೀಜವೂ ಎಷ್ಟೋ ವೇಳೆ ಒಣಬೀಜಕ್ಕಿಂತ ಬೇಗ ಮೊಳೆಯುತ್ತದೆ. ಆದ್ದರಿಂದ ಒಂದು ಸಾಲಿಗೆ ಒಣಬೀಜ, ಒಂದು ಸಾಲಿಗೆ ನೀರಿನಲ್ಲಿ ನೆನೆಸಿದ್ದು, ಇನ್ನೊಂದಕ್ಕೆ ಹಾರ್ಮೋನಿನಲ್ಲಿ ನೆನೆಸಿದ್ದು, ಹೀಗೆ ಅಕ್ಕಪಕ್ಕದಲ್ಲಿ ಬಿತ್ತಿ, ಕೊಯ್ಲಿನ ದಿನ ಮೂರನ್ನೂ ಬೇರೆ ಬೇರೆಯಾಗಿ ತೂಗಬೇಕು. ಎರಡನೆಯ ಸಾಲಿಗಿಂತ ಮೂರನೆಯದು ಎಷ್ಟು ಹೆಚ್ಚು ತೂಗಿತೋ ಅಷ್ಟೇ ಸೀಸೆಯ ಬೆಲೆ.