ಮೋಟಾರುಗಳ ನಡುವೆ ನಮ್ಮ ಸೈಕಲ್ಲು
(ಮಾದಾಪುರದಲ್ಲಿ ಸೇರಿದ್ದ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಸಭೆಗಳಲ್ಲಿ ಸಂಬಳ, ಬೋನಸ್ಸು, ರಜೆ, ಮಕ್ಕಳ ಶಾಲೆ ಇವುಗಳ ಮಾತು ನಡೆಯುವುದು ವಾಡಿಕೆ. ಈ ಹೊತ್ತು ಸೈಕಲ್ಲಿನ ವಿಷಯ ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದ್ದಾರೆ. "ಇದೂ ಒಂದು ಭಾಷಣದ ವಿಷಯವೇ?" ಎಂದು ಕೆಲವರಿಗೆ ನಗು ಬಂದಿರಬಹುದು. ಆದರೆ ಸಂಬಳ ಹೆಚ್ಚಬೇಕಾದರೆ ಅದನ್ನು ಎಣಿಸಿಕೊಳ್ಳುವ ಕೈ ಮೊದಲು ಉಳಿದಿರಬೇಕಷ್ಟೆ. ಬೀದರಿನಲ್ಲಿಯೋ ಯಾದಗಿರಿಯಲ್ಲಿಯೋ ಕುಂದಾಪುರದ ಕಡೆಯಲ್ಲಿಯೋ ಒಂದು ಮನೆಯ ಒಲೆ ಉರಿಯುವುದು ಇಲ್ಲಿ ತಿರುಗುವ ಎರಡು ಚಕ್ರಗಳ ಬಲದಿಂದ. ಆ ಚಕ್ರ ಒಮ್ಮೆ ಲಾರಿಯ ಕೆಳಗೆ ಸಿಕ್ಕಿತೆಂದರೆ ಅಲ್ಲಿಯ ಒಲೆಯೂ ಆರುತ್ತದೆ. ಆದುದರಿಂದ ಇದು ಸಂಘದ ವಿಷಯವೇ ಸರಿ.

ಈ ಮಾದಾಪುರವನ್ನೇ ನೋಡಿರಿ. ಬಂಡೆಗಳ ನಡುವಿನ ಹಳ್ಳಿಯಾಗಿದ್ದ ಈ ಜಾಗದಲ್ಲಿ 1998ರಲ್ಲಿ ಸೈಬರ್ ಟವರ್ಸ್ ಎದ್ದು ನಿಂತಿತು. ಅದರ ಹಿಂದೆಯೇ ಕಂಪೆನಿಗಳು, ಕಂಪೆನಿಗಳ ಹಿಂದೆ ಹಾಸ್ಟೆಲುಗಳು, ಹಾಸ್ಟೆಲುಗಳ ಹಿಂದೆ ನಮ್ಮ ಇಡ್ಲಿ ದೋಸೆಯ ಹೋಟೆಲುಗಳು ಬಂದವು. ರಸ್ತೆ ಅಗಲವಾಯಿತು. ಮೇಲ್ಸೇತುವೆ ಬಂತು, ಕೆಳಸೇತುವೆ ಬಂತು. 2019ರಲ್ಲಿ ಮೆಟ್ರೋ ರೈಲು ಬಂತು. 2020ರಲ್ಲಿ ದುರ್ಗಂ ಚೆರುವಿನ ಮೇಲೆ ತೂಗುಹಗ್ಗದ ಸೇತುವೆ ಬಂತು. ಇವೆಲ್ಲವೂ ಮೋಟಾರಿನವನು ಬೇಗ ಹೋಗಲೆಂದು ಆದ ಏರ್ಪಾಡುಗಳು. ಸೈಕಲ್ಲಿನವನು ಎಲ್ಲಿ ಹೋಗಬೇಕೆಂದು ಕೇಳಿದವರು ಬಹಳ ಕಡಿಮೆ. 2023ರ ಅಕ್ಟೋಬರಿನಲ್ಲಿ ಹೊರ ವರ್ತುಲ ರಸ್ತೆಯ ಪಕ್ಕದಲ್ಲಿ ಮೇಲೆ ಸೌರ ಫಲಕಗಳ ಚಾವಣಿ ಹೊದಿಸಿದ 23 ಕಿಲೋಮೀಟರಿನ ಸೈಕಲ್ ದಾರಿ ತೆರೆದರು. ಒಳ್ಳೆಯದೇ ಆಯಿತು. ಆದರೆ ಅದು ಮೈ ಬೆವರಿಸಿಕೊಳ್ಳಲು ತುಳಿಯುವವರ ದಾರಿ. ಹೊಟ್ಟೆಪಾಡಿಗೆ ತುಳಿಯುವವನ ಖೋಲಿಗೂ ಹೋಟೆಲಿಗೂ ನಡುವೆ ಅದು ಬರುವುದಿಲ್ಲ.

ಇನ್ನು ನಮ್ಮ ಹೊತ್ತಾದರೂ ಎಂತಹುದು? ಐದು ಗಂಟೆಗೆ ಇಡ್ಲಿ ಹಬೆಗೆ ಇಡಬೇಕಾದವನು ನಾಲ್ಕೂವರೆಗೆ ರಸ್ತೆಯಲ್ಲಿರಬೇಕು. ಆಗ ಮೆಟ್ರೋ ಹೊರಟಿರುವುದಿಲ್ಲ. ರಾತ್ರಿ ಕೊನೆಯ ಮೇಜು ಒರೆಸಿ, ನೆಲ ತೊಳೆದು ಹೊರಬೀಳುವವನ ಕಣ್ಣಿನಲ್ಲಿ ನಿದ್ರೆ ತುಂಬಿರುತ್ತದೆ. ಕತ್ತಲೆ, ನಿದ್ರೆ, ಅವಸರ ಈ ಮೂರೂ ಕೂಡಿದ ಹೊತ್ತಿನಲ್ಲಿಯೇ ನಾವು ಸೈಕಲ್ಲು ಹತ್ತುವುದು. ರಸ್ತೆ ಬರಿದಾಗಿರುವ ಆ ಹೊತ್ತಿನಲ್ಲಿಯೇ ಮೋಟಾರುಗಳೂ ಮಿತಿಮೀರಿ ಓಡುವುದು.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ಸೈಕಲ್ ಸವಾರರೇ ನಾಲ್ಕೂವರೆ ಸಾವಿರಕ್ಕೆ ಮೇಲೆ. ಎಂದರೆ ದಿನಕ್ಕೆ ಹನ್ನೆರಡು ಮಂದಿಗಿಂತ ಹೆಚ್ಚು. ಸೈಕಲ್ಲು ತಾನಾಗಿ ಯಾರನ್ನೂ ಕೊಲ್ಲುವ ಗಾಡಿಯಲ್ಲ. ಅದು ಮೋಟಾರಿನ ದಾರಿಗೆ ಅಡ್ಡ ಬಂದಾಗ, ಇಲ್ಲವೆ ಮೋಟಾರು ಅದರ ಮೇಲೆ ಬಂದಾಗ ಪ್ರಾಣ ಹೋಗುತ್ತದೆ. ಮೋಟಾರಿನವನ ತಪ್ಪು ಎಷ್ಟೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ನಮ್ಮ ಕೈಯಲ್ಲಿರುವುದನ್ನು ನೋಡೋಣ.

ಮೊದಲನೆಯದು, ಈ ಊರಿನವರು "ರಾಂಗ್ ರೂಟ್" ಎನ್ನುವ ಎದುರು ದಿಕ್ಕಿನ ಸವಾರಿ. ಇದು ಏಕೆ ನಡೆಯುತ್ತದೆಂದು ನಮಗೆಲ್ಲ ಗೊತ್ತು. ಹೋಟೆಲು ಕಣ್ಣೆದುರಿಗೆ ಕಾಣುತ್ತದೆ, ಆದರೆ ನಡುವೆ ಗೋಡೆ. ಯೂಟರ್ನ್ ಬಲು ದೂರ. ಅಷ್ಟು ದೂರ ಹೋಗಿ ಅಷ್ಟೇ ದೂರ ಹಿಂದಿರುಗಿ ಬರಲು ಹತ್ತು ನಿಮಿಷ ಹಿಡಿಯುತ್ತದೆ. ಆ ಹತ್ತು ನಿಮಿಷ ಉಳಿಸಲು ಎದುರಾಗಿ ನುಗ್ಗುತ್ತೇವೆ. ಇದರ ಲೆಕ್ಕ ಕೇಳಿರಿ. ಗಂಟೆಗೆ 40 ಕಿಲೋಮೀಟರು ಓಡುವ ಕಾರು, 15 ಕಿಲೋಮೀಟರು ಓಡುವ ಸೈಕಲ್ಲು ಒಂದೇ ದಿಕ್ಕಿಗೆ ಹೋಗುತ್ತಿದ್ದರೆ, ನಡುವಿನ ನಲವತ್ತು ಮೀಟರು ಕರಗಲು ಆರು ಸೆಕೆಂಡಿನಷ್ಟು ಹೊತ್ತು ಬೇಕು. ಎದುರುಬದುರಾಗಿ ಬಂದರೆ ಮೂರು ಸೆಕೆಂಡೂ ಬೇಡ. ಡ್ರೈವರನು ನಿಮ್ಮನ್ನು ಕಂಡು ಕಾಲನ್ನು ಬ್ರೇಕಿನ ಮೇಲೆ ಇಡುವುದಕ್ಕೇ ಸುಮಾರು ಒಂದು ಸೆಕೆಂಡು ಹೋಗುತ್ತದೆ. ಅಷ್ಟರಲ್ಲಿ ಕಾರು ಹನ್ನೊಂದು ಮೀಟರು ಮುಂದೆ ಬಂದಿರುತ್ತದೆ. ಮಿಕ್ಕಿದ್ದರಲ್ಲಿ ಅವನು ತಾನೇ ಏನು ಮಾಡಿಯಾನು?

ಇದಕ್ಕಿಂತ ದೊಡ್ಡ ಅಪಾಯ ಗಲ್ಲಿಯ ಬಾಯಲ್ಲಿದೆ. ಗಲ್ಲಿಯಿಂದ ಮುಖ್ಯ ರಸ್ತೆಗೆ ಎಡಕ್ಕೆ ತಿರುಗುವ ಡ್ರೈವರನು ಬಲಕ್ಕೆ ನೋಡುತ್ತಾನೆ, ಏಕೆಂದರೆ ಗಾಡಿಗಳು ಬರುವುದು ಆ ಕಡೆಯಿಂದ. ನೀವು ಎಡಗಡೆಯಿಂದ ಎದುರಾಗಿ ಬರುತ್ತಿದ್ದರೆ ಅವನು ಆ ಕಡೆ ಮುಖ ತಿರುಗಿಸುವುದೇ ಇಲ್ಲ. ಅವನು ಕುರುಡನಲ್ಲ, ನೀವು ಯಾರೂ ಇರಬಾರದ ಜಾಗದಲ್ಲಿ ಇದ್ದೀರಿ, ಅಷ್ಟೆ. ದಾರಿ ಕಿರಿದಾಗಬೇಕೆಂದಿದ್ದರೆ ಒಂದು ಸುಲಭ ಉಪಾಯವಿದೆ. ಸೈಕಲ್ಲಿನಿಂದ ಇಳಿಯಿರಿ, ಕಾಲುದಾರಿಯ ಮೇಲೆ ತಳ್ಳಿಕೊಂಡು ನಡೆಯಿರಿ. ಇಳಿದು ನಡೆದವನು ಪಾದಚಾರಿ. ಅದರಲ್ಲಿ ಯಾವ ಮಾನವೂ ಹೋಗುವುದಿಲ್ಲ.

ಎರಡನೆಯದು, ಬಸ್ಸು ಲಾರಿಗಳ ಎಡಮಗ್ಗುಲಿಗೆ ನುಸುಳುವುದು. ಕಂಪೆನಿಯ ಬಸ್ಸುಗಳು, ನೀರಿನ ಟ್ಯಾಂಕರುಗಳು, ಕಾಂಕ್ರೀಟು ಕಲಸುತ್ತ ಹೋಗುವ ಲಾರಿಗಳು ಇಲ್ಲಿ ಹಗಲೂ ರಾತ್ರಿ ಇವೆ. ಸಿಗ್ನಲ್ಲಿನಲ್ಲಿ ಅವು ನಿಂತಾಗ ಎಡಗಡೆ ಒಂದು ಸೈಕಲ್ಲಿಗೆ ಸಾಲುವಷ್ಟು ಸಂದು ಕಾಣುತ್ತದೆ. ನಾವು ಅದರಲ್ಲಿ ತೂರುತ್ತೇವೆ. ಉದ್ದನೆಯ ಗಾಡಿ ಎಡಕ್ಕೆ ತಿರುಗಿದಾಗ ಮುಂದಿನ ಚಕ್ರ ಹೋದ ಜಾಡಿನಲ್ಲಿಯೇ ಹಿಂದಿನ ಚಕ್ರ ಹೋಗುವುದಿಲ್ಲ. ಅದು ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಮೊದಲು ವಿಶಾಲವಾಗಿದ್ದ ಸಂದು ನೋಡನೋಡುತ್ತಿದ್ದಂತೆ ಮುಚ್ಚಿಹೋಗುತ್ತದೆ. ಮೇಲೆ ಕುಳಿತ ಡ್ರೈವರನಿಗೆ ತನ್ನ ಎಡಬಾಗಿಲಿನ ಕೆಳಗೆ ಇರುವುದು ಕಾಣಿಸುವುದೂ ಇಲ್ಲ. ಒಂದು ಮಾತು ನೆನಪಿಡಿ: ಗಾಡಿಯ ಕನ್ನಡಿಯಲ್ಲಿ ಡ್ರೈವರನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುವುದಿಲ್ಲ. ಅಂತಹ ಗಾಡಿಯ ಹಿಂದೆ ನಿಲ್ಲಿರಿ. ಅದು ತಿರುಗಿ ಹೋಗಲಿ, ಆಮೇಲೆ ಹೊರಡಿರಿ.

ಮೂರನೆಯದು ನಮ್ಮ ಹುಡುಗರ ಚಾಳಿ. ದಣಿವಾಯಿತೆಂದು ಲಾರಿಯ ಹಿಂಬಾಗಿಲನ್ನೋ ಆಟೋದ ಕಂಬಿಯನ್ನೋ ಹಿಡಿದು ಎಳೆಸಿಕೊಂಡು ಹೋಗುವುದು. ಸೈಕಲ್ಲಿನ ಬ್ರೇಕು ಇರುವುದು ನಾವು ತುಳಿಯುವ ವೇಗಕ್ಕೆ, ಲಾರಿಯ ವೇಗಕ್ಕಲ್ಲ. ಒಂದು ಕೈ ಲಾರಿಯ ಮೇಲಿದ್ದರೆ ಒಂದೇ ಬ್ರೇಕು ಉಳಿಯಿತು. ಮುಂದಿನ ಗುಂಡಿಯೂ ಕಾಣದು. ಲಾರಿ ಗಕ್ಕನೆ ನಿಂತರೆ ಮುಂದೆ ಕಬ್ಬಿಣ. ಕೈ ಜಾರಿದರೆ ಹಿಂದೆ ಬರುವ ಗಾಡಿ. ಮಾದಾಪುರದಲ್ಲಿ ಏರು ಇರುವುದು ನಿಜ. ಏರಿನಲ್ಲಿ ಇಳಿದು ತಳ್ಳಿದರೆ ಕಾಲು ನೋಯುತ್ತದೆ, ಅಷ್ಟೇ ತಾನೆ?

ನಾಲ್ಕನೆಯದು ದೀಪ. ಹಿಂದೆ ಮೈಸೂರು ಬೆಂಗಳೂರುಗಳಲ್ಲಿ ಸೈಕಲ್ಲಿಗೆ ಪುರಸಭೆಯ ಬಿಲ್ಲೆ ಇರಬೇಕಾಗಿತ್ತು. ರಾತ್ರಿ ದೀಪವಿಲ್ಲದೆ ಹೋದವನನ್ನು ಪೊಲೀಸಿನವನು ಮೂಲೆಯಲ್ಲಿ ಹಿಡಿಯುತ್ತಿದ್ದನು. ಬಿಲ್ಲೆ ಹೋಯಿತು, ಹಿಡಿಯುವವನೂ ಹೋದನು, ಜೊತೆಗೆ ದೀಪವೂ ಹೋಯಿತು. ಮೋಟಾರು ಮಾತ್ರ ಅಂದಿಗಿಂತ ಎಷ್ಟೋ ಹೆಚ್ಚು ವೇಗದಲ್ಲಿ ಬರುತ್ತಿದೆ. "ನನಗೆ ದಾರಿ ಕಾಣುತ್ತದಲ್ಲ, ಬೀದಿದೀಪ ಇದೆಯಲ್ಲ" ಎನ್ನುವವರಿದ್ದಾರೆ. ಸೈಕಲ್ಲಿನ ದೀಪ ನಮಗೆ ದಾರಿ ಕಾಣಲಿ ಎಂದಲ್ಲ, ನಾವು ಇತರರಿಗೆ ಕಾಣಲಿ ಎಂದು. ಮೆಟ್ರೋ ಕಂಬಗಳ ನೆರಳಿನಲ್ಲಿ, ಕಪ್ಪು ಪ್ಯಾಂಟು, ಮಾಸಿದ ಅಂಗಿ ತೊಟ್ಟವನು ಹತ್ತಿರ ಬರುವ ತನಕ ಕಾಣುವುದೇ ಇಲ್ಲ. ಹಿಂದಕ್ಕೆ ಒಂದು ಕೆಂಪು ದೀಪ, ಮುಂದಕ್ಕೆ ಒಂದು ಬಿಳಿಯದು, ಪೆಡಲಿಗೆ ಮಡ್‌ಗಾರ್ಡಿಗೆ ಹೊಳೆಯುವ ಪಟ್ಟಿ, ರಾತ್ರಿಯ ಪಾಳಿಗೆ ಒಂದು ಬಿಳಿ ಅಂಗಿ. ಇವುಗಳ ಖರ್ಚು ನಾಲ್ಕಾರು ದಿನದ ಚಹಾ ಬೀಡಿಯ ಖರ್ಚನ್ನು ಬಹಳ ಮೀರುವುದಿಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಹ್ಯಾಂಡಲಿಗೆ ಹಾಲಿನ ಕ್ಯಾನು, ತರಕಾರಿಯ ಚೀಲ ತೂಗುಹಾಕಬೇಡಿ. ತಿರುಗಿಸುವ ಹೊತ್ತಿಗೆ ಅದು ನಿಮ್ಮ ಮಾತು ಕೇಳುವುದಿಲ್ಲ. ಹೊರೆ ಹಿಂದಿನ ಕ್ಯಾರಿಯರಿನಲ್ಲಿರಲಿ. ಕಿವಿಗೆ ಮೊಬೈಲಿನ ಹಾಡು ಸಿಕ್ಕಿಸಬೇಡಿ. ಹಿಂದಿನ ಗಾಡಿಯನ್ನು ತಿಳಿಸುವುದು ಕಿವಿಯೊಂದೇ, ಬೆನ್ನಿಗೆ ಕಣ್ಣಿಲ್ಲ. ಗುಂಡಿ ಕಂಡೊಡನೆ ಥಟ್ಟನೆ ಬಲಕ್ಕೆ ಎಳೆಯಬೇಡಿ. ಹಿಂದೆ ನೋಡಿ, ಕೈ ತೋರಿಸಿ, ಆಮೇಲೆ ಸರಿಯಿರಿ. ನಿಂತ ಕಾರುಗಳ ಪಕ್ಕದಲ್ಲಿ ಒಂದು ಬಾಗಿಲಿನ ಅಗಲ ಬಿಟ್ಟು ಹೋಗಿರಿ. ಮೇಲ್ಸೇತುವೆಯ ಬಾಯಲ್ಲಿ, ಗಾಡಿಗಳು ಎರಡಾಗಿ ಕವಲೊಡೆಯುವಲ್ಲಿ, ನಡುವೆ ಸಿಕ್ಕಿಕೊಳ್ಳಬೇಡಿ. ಕೆಳಗಿನ ರಸ್ತೆಯೇ ನಮಗೆ ಲೇಸು. ಇವೆಲ್ಲದರ ಸಾರ ಎರಡೇ: ಕಾಣುವಂತೆ ಇರಬೇಕು, ಮುಂದೆ ಏನು ಮಾಡುತ್ತೇವೆಂದು ಹಿಂದಿನವನಿಗೆ ತಿಳಿಯುವಂತೆ ಇರಬೇಕು.

ಈಗ ಮೋಟಾರಿನವರ ಮಾತು. ತಪ್ಪೆಲ್ಲ ಸೈಕಲ್ಲಿನವನದೆಂದು ಹೇಳಲು ನಾನು ಇಲ್ಲಿ ನಿಂತಿಲ್ಲ. 2019ರ ನವೆಂಬರ್ 23ರಂದು ಇಲ್ಲಿಗೆ ಸಮೀಪದ ಬಯೋಡೈವರ್ಸಿಟಿ ಮೇಲ್ಸೇತುವೆಯಿಂದ ಒಂದು ಕಾರು ಕೆಳಕ್ಕೆ ಹಾರಿ ಬಿದ್ದು, ಕೆಳಗೆ ರಸ್ತೆಯ ಬದಿ ನಿಂತಿದ್ದ ಮಹಿಳೆಯೊಬ್ಬರು ಸತ್ತರು. ಗಂಟೆಗೆ 40ರ ಮಿತಿಯಿದ್ದಲ್ಲಿ ಕಾರು ನೂರನ್ನು ಮೀರಿತ್ತೆಂದು ಪೊಲೀಸರು ಹೇಳಿದರು. ಆ ತಾಯಿ ಮಾಡಿದ ತಪ್ಪೇನು? ರಸ್ತೆ ಎಲ್ಲರದು. ಸೈಕಲ್ಲಿನವನಿಗೂ ಅದರಲ್ಲಿ ಸಮಪಾಲು ಉಂಟು. ಆದರೆ ಹಕ್ಕು ನಮ್ಮದೆಂದು ಲಾರಿಯ ಮುಂದೆ ವಾದ ಮಾಡಲಾಗುವುದಿಲ್ಲ. ವಾದವನ್ನು ಕೋರ್ಟಿನಲ್ಲಿ, ಕಛೇರಿಯಲ್ಲಿ ಮಾಡೋಣ. ಅದಕ್ಕೆ ನಾವು ಬದುಕಿರಬೇಕು.

ಕಾನೂನಿನ ನಾಲ್ಕು ಮಾತು ತಿಳಿದಿರಿ. ಮೋಟಾರು ಬಡಿದು ಗಾಯವಾದರೆ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಬಹುದು. ಆದರೆ ನೀವು ಎದುರು ದಿಕ್ಕಿನಲ್ಲಿದ್ದಿರಿ, ದೀಪವಿರಲಿಲ್ಲ ಎಂದು ರುಜುವಾತಾದರೆ, ನಿಮ್ಮ ತಪ್ಪಿನ ಪಾಲಿನಷ್ಟು ಹಣವನ್ನು ಮುರಿದುಕೊಳ್ಳಬಹುದು. ಹತ್ತು ನಿಮಿಷದ ಉಳಿತಾಯ ಹೆಂಡತಿ ಮಕ್ಕಳ ಗಂಟಿಗೂ ಕತ್ತರಿ ಹಾಕುತ್ತದೆ. ಬಡಿದ ಗಾಡಿ ಓಡಿಹೋಗಿ ಪತ್ತೆಯಾಗದಿದ್ದರೆ, 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಯೋಜನೆಯಂತೆ, ಸತ್ತವರ ಮನೆಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ ಉಂಟು. 2025ರಲ್ಲಿ ಹೊರಡಿಸಿದ ಇನ್ನೊಂದು ಯೋಜನೆಯಲ್ಲಿ, ಮೋಟಾರು ಅಪಘಾತಕ್ಕೆ ಸಿಕ್ಕಿದವರಿಗೆ ಮೊದಲ ಏಳು ದಿನ ಒಂದೂವರೆ ಲಕ್ಷದವರೆಗೆ ಕೈಯಿಂದ ಹಣ ಕಟ್ಟದೆ ಚಿಕಿತ್ಸೆಗೆ ಅವಕಾಶವಿದೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸದಿಂದ ಮನೆಗೆ ಬರುವಾಗ ಆದ ಅಪಘಾತವೂ ಕೆಲಸದ ಸಂಬಂಧದ್ದೇ ಎಂದು ಪರಿಗಣಿಸುವ ಕಲಮನ್ನು 2010ರಲ್ಲಿ ಇ.ಎಸ್.ಐ. ಕಾಯಿದೆಗೆ ಸೇರಿಸಿದರು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದು ಉಳಿದಿದೆ. ಆದುದರಿಂದ ಇ.ಎಸ್.ಐ. ನಂಬರು, ಮನೆಯವರ ಫೋನ್ ನಂಬರು ಬರೆದ ಒಂದು ಚೀಟಿ ಸದಾ ಜೇಬಿನಲ್ಲಿರಲಿ. ಬಿದ್ದವನನ್ನು ಕಂಡರೆ ಪೊಲೀಸರಿಗೆ ಹೆದರಿ ಮುಂದೆ ಹೋಗಬೇಡಿ. ಸಹಾಯ ಮಾಡಿದವನನ್ನು ಒತ್ತಾಯದಿಂದ ಸಾಕ್ಷಿಯಾಗಿಸಬಾರದೆಂದು 2019ರ ಮೋಟಾರು ವಾಹನ ತಿದ್ದುಪಡಿಯಿಂದ ರಕ್ಷಣೆ ದೊರೆತಿದೆ. 108ಕ್ಕೋ 112ಕ್ಕೋ ಫೋನು ಮಾಡಿರಿ.

ಬಂಧುಗಳೇ, ಬರಿಯ ಬುದ್ಧಿವಾದದಿಂದ ಪ್ರಾಣ ಉಳಿಯುವುದಿಲ್ಲವೆಂಬುದನ್ನೂ ನಾನು ಬಲ್ಲೆ. 1971ರಲ್ಲಿ ಹಾಲೆಂಡಿನಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಜನ ರಸ್ತೆಗಳಲ್ಲಿ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಅಲ್ಲಿಯ ತಂದೆತಾಯಿಗಳು "ಮಕ್ಕಳ ಕೊಲೆ ನಿಲ್ಲಿಸಿ" ಎಂದು ಬೀದಿಗಿಳಿದರು. ಇಂದು ಆ ದೇಶದ ಸೈಕಲ್ ದಾರಿಗಳನ್ನು ಲೋಕವೇ ಹೊಗಳುತ್ತದೆ. ಆ ದಾರಿಗಳು ಸುಮ್ಮನೆ ಬರಲಿಲ್ಲ, ಜನ ಕೂಡಿ ಕೇಳಿದ್ದರಿಂದ ಬಂದವು. ನಾವೂ ಕೂಡಿ ಕೇಳೋಣ.

ಅದಕ್ಕಾಗಿ ಸಭೆಯ ಮುಂದೆ ನಾಲ್ಕು ಸೂಚನೆಗಳನ್ನು ಇಡುತ್ತೇನೆ. ಒಂದು, ಸಂಘದ ವತಿಯಿಂದ ದೀಪಗಳನ್ನೂ ಹೊಳೆಯುವ ಪಟ್ಟಿಯನ್ನೂ ಸಗಟಿನಲ್ಲಿ ಕೊಂಡು ಸದಸ್ಯರಿಗೆ ಅಸಲು ಬೆಲೆಗೆ ಕೊಡಬೇಕು. ಎರಡು, ತಿಂಗಳಿಗೊಮ್ಮೆ ಬ್ರೇಕು, ಚೈನು, ಗಂಟೆಗಳನ್ನು ನಮ್ಮಲ್ಲಿಯೇ ರಿಪೇರಿ ಬಲ್ಲವರು ನೋಡಿಕೊಡಬೇಕು. ಮೂರು, ಎಲ್ಲೆಲ್ಲಿ ಯೂಟರ್ನ್ ದೂರವಿದೆ, ಎಲ್ಲೆಲ್ಲಿ ದಾಟಲು ಜಾಗವಿಲ್ಲ, ಎಲ್ಲಿ ಬೀದಿದೀಪ ಉರಿಯುವುದಿಲ್ಲ ಎಂಬುದನ್ನು ಪಟ್ಟಿ ಮಾಡಿ ಸಂಚಾರಿ ಪೊಲೀಸರಿಗೂ ನಗರಪಾಲಿಕೆಗೂ ಸಹಿ ಮಾಡಿದ ಅರ್ಜಿ ಕೊಡಬೇಕು. ನಾಲ್ಕನೆಯದು ಮಾಲೀಕರಿಗೆ. ಹತ್ತು ನಿಮಿಷ ತಡವಾಗಿ ಬಂದವನಿಗೆ ಅರ್ಧ ದಿನದ ಸಂಬಳ ಹಿಡಿಯುವ ಪದ್ಧತಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅದು ನಿಲ್ಲಬೇಕು. ಗಲ್ಲಾದ ಮೇಲೆ ಕುಳಿತವರು ಆ ಹತ್ತು ನಿಮಿಷ ಬಿಟ್ಟುಕೊಟ್ಟರೆ ಅರ್ಧ ರಾಂಗ್ ರೂಟು ತಾನಾಗಿ ನಿಂತೀತು. ಕೈಪಳಗಿದ ದೋಸೆ ಭಟ್ಟನೊಬ್ಬನು ಆರು ತಿಂಗಳು ಹಾಸಿಗೆ ಹಿಡಿದರೆ ಹೋಟೆಲಿಗೂ ನಷ್ಟವೇ ಅಲ್ಲವೇ?

ಸರ್ಕಾರದ ದಾರಿ ಬರುವಾಗ ಬರಲಿ, ಮಾಲೀಕರ ಮನಸ್ಸು ಕರಗುವಾಗ ಕರಗಲಿ. ಅದುವರೆಗೆ ನಮ್ಮ ಪ್ರಾಣ ನಮ್ಮ ಕೈಯಲ್ಲಿಯೇ, ನಮ್ಮ ಬ್ರೇಕಿನಲ್ಲಿಯೇ ಇದೆ. ಇಂದು ರಾತ್ರಿ ಇಲ್ಲಿಂದ ಹೊರಡುವಾಗಲೇ ದೀಪವಿಲ್ಲದವರು ದೀಪವಿದ್ದವರ ಜೊತೆಗೂಡಿ ಎಡಕ್ಕೆ, ಒಬ್ಬರ ಹಿಂದೆ ಒಬ್ಬರು, ಸಾಲಾಗಿ ಹೋಗಿರಿ. ನಾಳೆ ದೀಪ ಕೊಳ್ಳಿರಿ.